ಮೇಲಿನ ಬೀದಿ ಎಸ್ಟೋನಿಯ, ಕೆಳಗಿನ ಕೇರಿ ಸಿಮ್ಶಿಯನ್

ಎಸ್ಟೋನಿಯ ಎಲ್ಲಿದೆ ಅಂತ ಕಾರೆಹುಂಡಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿಮಗೇ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಗೆ ಅಂಟಿಕೊಂಡು ಕೂತ ಊರು ಅದು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅದೇ ಅಲ್ಲಿ ದೊಡ್ಡ ಸುದ್ದಿ. ಎಸ್ಟೋನಿಯ ಕಟ್ಟಿಕೊಂಡು ಅವರಿಗೇನಾಗಬೇಕು? ಆದರೂ ಆ ಊರಿನ ಹೆಣಗಳು ಎಲ್ಲಿ ಮಲಗಬೇಕು ಅನ್ನುವುದು ತೀರ್ಮಾನವಾದದ್ದು ಎಸ್ಟೋನಿಯದ ಪಾಠ ಹೇಳುವ ಮೇಷ್ಟರ ಕೈಯಲ್ಲಿ. ಅದು ಹೇಗೆ ಅಂತ ಹೇಳಬೇಕಾದರೆ ರಂಜಿನಿಯಿಂದಲೇ ಶುರು ಮಾಡಬೇಕು.

ರಂಜಿನಿ ಆ ಊರಿನ ಕೆಳಗಿನ ಕೇರಿಯವಳು. ಅಪ್ಪ ಮಾರಯ್ಯ ಮೇಲಿನ ಬೀದಿಯವರ ಗದ್ದೆಗಳಲ್ಲಿ ಕೂಲಿ ಮಾಡಿಯೇ ಮಗಳನ್ನು ಎಂ.ಎ. ತನಕ ಓದಿಸಿದ. ಈಗ ಅವಳು ನರಸೀಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಸಂಬಳದ ವಿಷಯಕ್ಕೆ ಬಂದರೆ ಕರೆಯದೆ ಬಂದ ಅತಿಥಿ. ಅದಿರಲಿ. ಅವಳ ತಾಯಿ ಮಂಚಮ್ಮ ತೀರಿಕೊಂಡದ್ದು ಹಿಂದಿನ ವರ್ಷ ಆಷಾಢದಲ್ಲಿ. ಕೇರಿಗೆ ಅಂತ ಸ್ಮಶಾನವಿಲ್ಲ, ಮೊದಲಿನಿಂದಲೂ ಹೊಳೆ ದಂಡೆಯ ಮರಳು ಮಣ್ಣಿನಲ್ಲೇ ಹೂಳುವುದು. ಮಂಚಮ್ಮನನ್ನೂ ಅಲ್ಲೇ ಇಟ್ಟರು, ತಲೆ ಕಡೆಗೆ ಒಂದು ಕಲ್ಲು ನೆಟ್ಟರು, ಹಾಲುತುಪ್ಪ ಬಿಟ್ಟು ಬಂದರು. ಆ ವಾರವೇ ವಯನಾಡಿನ ಕಡೆ ಮಳೆ ಹುಯ್ದು ಹೊಳೆ ಉಕ್ಕಿತು. ನೀರು ಇಳಿದ ಮೇಲೆ ಅಪ್ಪ ಮಗಳು ಹೋಗಿ ನೋಡಿದರೆ ಕಲ್ಲೂ ಇಲ್ಲ, ಕಲ್ಲು ನೆಟ್ಟ ದಂಡೆಯೂ ಇಲ್ಲ. ಕೆಳಗಡೆ ಊರಿನ ತನಕ ದಂಡೆ ಹಿಡಿದು ಹುಡುಕಿಕೊಂಡು ಹೋದರು. ಏನೂ ಸಿಗಲಿಲ್ಲ. ಮಾರಯ್ಯ ವಾಪಸು ಬಂದವನು ಕೈಕಾಲು ತೊಳೆದು ಜಗಲಿ ಮೇಲೆ ಕೂತ. ಆ ವಿಷಯ ಮತ್ತೆ ಅವನ ಬಾಯಿಂದ ಬರಲಿಲ್ಲ. ರಂಜಿನಿ ಮಾತ್ರ ಬಸ್ಸು ಸೇತುವೆ ದಾಟುವಾಗಲೆಲ್ಲ ಕಿಟಕಿಯಿಂದ ಬಗ್ಗಿ ದಂಡೆಯನ್ನೇ ನೋಡುತ್ತಿದ್ದಳು.

ಊರಾಚೆ, ದಿಣ್ಣೆ ಮೇಲೆ, ಒಂದು ಎಕರೆ ಗೋಮಾಳ ಇತ್ತು. ಎಷ್ಟು ದೊಡ್ಡ ಹೊಳೆ ಬಂದರೂ ಅಲ್ಲಿಗೆ ನೀರು ಹತ್ತುವುದಿಲ್ಲ. ಅದನ್ನು ಸ್ಮಶಾನಕ್ಕೆ ಕೊಡಿ ಅಂತ ಕೇರಿಯವರು ಕೇಳಿಕೊಂಡಿದ್ದರು. ಹಾಲಿನ ಡೈರಿ ಕಟ್ಟಡಕ್ಕೆ ಕೊಡಿ ಅಂತ ಮೇಲಿನ ಬೀದಿಯವರೂ ಕೇಳಿಕೊಂಡಿದ್ದರು. ಯಾರಿಗೂ ಕೊಡದೆ ವರ್ಷಗಟ್ಟಲೆ ತಳ್ಳಿಕೊಂಡು ಬಂದದ್ದು ಆಯಿತು. ಕಡೆಗೆ ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದ ಸಾಹೇಬರೊಬ್ಬರು, ಯಾರ ಸ್ಥಿತಿ ಕಡಿಮೆಯೋ ಅವರಿಗೆ ಕೊಡೋಣ, ಎರಡೂ ಕಡೆ ಸರ್ವೆ ಮಾಡಿ ಹೋಲಿಸಿ ವರದಿ ಕೊಡಲಿ ಅಂತ ಕಾಲೇಜಿಗೆ ಹೇಳಿ ಕಳಿಸಿದರು. ಅದು ಬಂದು ಬಿದ್ದದ್ದು ಸಮಾಜಶಾಸ್ತ್ರದ ಮುಖ್ಯಸ್ಥರಾದ ಮಲ್ಲಿಕಾರ್ಜುನ್ ಸರ್ ಮೇಜಿನ ಮೇಲೆ.

ಮಲ್ಲಿಕಾರ್ಜುನ್ ಸರ್ ಅಂದರೆ ಅಂಥಿಂಥ ಮನುಷ್ಯ ಅಲ್ಲ. ಎಸ್ಟೋನಿಯನ್ನರ ಮತ್ತು ಸಿಮ್ಶಿಯನ್ನರ ಸಾಮಾಜಿಕ, ಆರ್ಥಿಕ ಸ್ಥಿತಿಗತಿಯನ್ನು ಹೋಲಿಸಿ ಪಿಎಚ್‌.ಡಿ. ಮಾಡಿದವರು. ಎರಡು ಕಡೆಗೂ ಕಾಲಿಟ್ಟವರಲ್ಲ, ಮೈಸೂರಿನ ಲೈಬ್ರರಿಯಲ್ಲಿ ಕೂತೇ ಎರಡು ಸಮುದ್ರ ದಾಟಿದವರು. ರಂಜಿನಿ ಅವರ ಶಿಷ್ಯೆಯೇ, ಆ ಪಾಠ ಅವಳಿಗೆ ಬಾಯಿಪಾಠ. ಎಸ್ಟೋನಿಯದವರು ತಮ್ಮ ನೆಲದಲ್ಲೇ ಜರ್ಮನ್ ದೊರೆಗಳ ಜಮೀನು ಉತ್ತು ಜೀತದಂತೆ ಬದುಕಿದವರು. ಅವರದೇ ಸರ್ಕಾರ ಬಂದ ಮೇಲೆ ದೊರೆಗಳ ಜಮೀನು ಕಿತ್ತು ಉಳುವವರಿಗೆ ಹಂಚಿದರು. ಆಮೇಲೂ ಕಷ್ಟ ಬಂತು, ಪರದೇಶದವರು ಬಂದು ಆಳಿದರು, ಆದರೂ ಇವತ್ತು ಅಲ್ಲಿಯವರು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲೇ ಓಟು ಹಾಕುತ್ತಾರಂತೆ. ಸಿಮ್ಶಿಯನ್ನರು ಕೆನಡಾದ ಪಡುವಣ ಕಡಲಿನವರು. ಹೊಳೆಯ ಮೀನೇ ಅವರ ಬದುಕು. ಔತಣ ಕರೆದು ಇದ್ದಬದ್ದದ್ದನ್ನೆಲ್ಲ ಬಂದವರಿಗೆ ಕೊಟ್ಟು ಕಳಿಸಿದರೇನೇ ಅವರಲ್ಲಿ ಮನುಷ್ಯ ದೊಡ್ಡವನು. ಸರ್ಕಾರ ಆ ಔತಣವನ್ನೇ ಕಾನೂನು ಮಾಡಿ ನಿಲ್ಲಿಸಿತು, ಅವರದೇ ಕಾಡಿನೊಳಗೆ ಅವರಿಗೆ ಅಂಗೈಯಗಲ ಜಾಗ ಅಳೆದುಕೊಟ್ಟಿತು. ಇಬ್ಬರೂ ಸಣ್ಣ ಜನ, ಇಬ್ಬರೂ ಕಡಲ ದಂಡೆಯವರು, ಇಬ್ಬರನ್ನೂ ಬೇರೆಯವರು ಆಳಿದರು, ಮತ್ತೆ ಒಬ್ಬರು ಹಾಗೆ, ಒಬ್ಬರು ಹೀಗೆ ಯಾಕಾದರು? ಸರ್ ಈ ಪ್ರಶ್ನೆ ಕೇಳಿ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು.

ಹುಡುಗರು ಆಕಳಿಸುತ್ತಿದ್ದರು. ರಂಜಿನಿಗೆ ಮಾತ್ರ ತನ್ನ ಊರೇ ಕಾಣುತ್ತಿತ್ತು. ಕಾರೆಹುಂಡಿಯ ಗದ್ದೆಯೆಲ್ಲ ಒಂದು ಕಾಲಕ್ಕೆ ಬೇರೆ ಊರಿನ ಜಮೀನ್ದಾರರದು. ಮೇಲಿನ ಬೀದಿಯವರು ಗೇಣಿಗೆ ಉಳುತ್ತಿದ್ದರು. ಉಳುವವನಿಗೇ ಭೂಮಿ ಅಂತ ಕಾನೂನು ಬಂತು, ಉಳುತ್ತಿರುವವರು ನಾವೇ ಅಂತ ಡಿಕ್ಲರೇಷನ್ ಹಾಕಿದರು, ಗದ್ದೆ ಅವರದಾಯಿತು. ಕೇರಿಯವರು ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರೇ, ಆದರೆ ಕೂಲಿಯವರು. ಕೂಲಿಯವನಿಗೆ ಯಾವ ಡಿಕ್ಲರೇಷನ್ನು? ಹೀಗಾಗಿ ಅವಳು ತನ್ನೊಳಗೇ ಮೇಲಿನ ಬೀದಿಗೆ ಎಸ್ಟೋನಿಯ ಅಂತಲೂ ತನ್ನ ಕೇರಿಗೆ ಸಿಮ್ಶಿಯನ್ ಅಂತಲೂ ಹೆಸರಿಟ್ಟುಕೊಂಡಿದ್ದಳು. ಒಮ್ಮೆ ಅಪ್ಪನಿಗೂ ಹೇಳಿದ್ದಳು. ಆ ಜನಕ್ಕೆ ಮೀನಾದರೂ ಐತಲ್ಲ ಬುಡು ಅಂದಿದ್ದ ಮಾರಯ್ಯ.

ಸರ್ವೆಗೆ ಸರ್ ಒಂದು ಕಟ್ಟುನಿಟ್ಟು ಮಾಡಿದರು: ಯಾರೂ ತಮ್ಮವರನ್ನು ತಾವೇ ಕೇಳಕೂಡದು, ಕೇಳಿದರೆ ಪಕ್ಷಪಾತ ಅನ್ನುತ್ತಾರೆ. ಆದ್ದರಿಂದ ಮೇಲಿನ ಬೀದಿಗೆ ರಂಜಿನಿ, ಕೇರಿಗೆ ಶಾಲಿನಿ. ಶಾಲಿನಿ ಅದೇ ಕಾಲೇಜಿನ ಇನ್ನೊಬ್ಬ ಉಪನ್ಯಾಸಕಿ, ತಲಕಾಡಿನ ಕಡೆಯ ಒಕ್ಕಲು ಮನೆತನದ ಹುಡುಗಿ. ಒಳ್ಳೆಯವಳು, ಕಪಟ ಇಲ್ಲ. ಅವಳ ಮನೆಯಲ್ಲಿ ಕೇರಿಯವರು ಹಿತ್ತಲ ಬಾಗಿಲಿಗೆ ಬರುತ್ತಿದ್ದರೇ ಹೊರತು ಅವಳು ಕೇರಿಯೊಳಗೆ ಕಾಲಿಟ್ಟದ್ದು ಇದೇ ಮೊದಲು.

ರಂಜಿನಿ ಬೆಳಗಿನ ಹೊತ್ತು ಮೇಲಿನ ಬೀದಿಗೆ ಹೋದಳು. ಅಬ್ಬಾ, ಆ ಬೀದಿಯ ಬಡತನ ಏನು ಹೇಳೋಣ! ಯಜಮಾನ ಜವರಯ್ಯನವರ ಮನೆ ಮುಂದೆ ಟ್ರಾಕ್ಟರ್ ನಿಂತಿತ್ತು. ಅದು ಭಾವಮೈದುನನದಂತೆ. ಕೊಟ್ಟಿಗೆಯಲ್ಲಿ ಸೀಮೆ ಹಸುಗಳು ಸಾಲಾಗಿ ಮೆಲುಕು ಹಾಕುತ್ತಿದ್ದವು. ಅವು ಮಗಳ ಮನೆಯವಂತೆ, ಮೇಯಿಸಲು ಬಿಟ್ಟಿದ್ದಾರಂತೆ. ಜವರಯ್ಯನವರ ಹೆಂಡತಿ ಸಣ್ಣತಾಯಮ್ಮ ಬಾಗಿಲ ಬಳಿ ನಿಂತು, ನಮಗೇನದೆ ಮಗ, ರೇಷನ್ ಅಕ್ಕಿ ಇಲ್ದಿದ್ರೆ ಒಲೆ ಉರಿಯೋದಿಲ್ಲ ಅಂತ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಬಿಪಿಎಲ್ ಕಾರ್ಡು ಎಲ್ಲಿ ಹೋಗುತ್ತದೋ ಅನ್ನುವ ಭಯ ಅವರದು. ಕಾಫಿ ಕೊಟ್ಟರು, ಪೇಪರ್ ಲೋಟದಲ್ಲಿ. ಮನೆಯೊಳಗೆ ಸ್ಟೀಲ್ ಲೋಟಗಳು ಥಳಥಳ ಅನ್ನುತ್ತಿದ್ದವು. ಮದುವೆಗೆ ತಂದು ಉಳಿದ ಪೇಪರ್ ಲೋಟ ಕಣವ್ವ, ಸುಮ್ನೆ ಹಾಳಾಯ್ತಾವೆ ಅಂದರು ಸಣ್ಣತಾಯಮ್ಮ. ರಂಜಿನಿ ಜಗಲಿಯ ಅಂಚಿನಲ್ಲೇ ಕೂತು ಕುಡಿದು, ಅವರು ಹೇಳಿದ್ದನ್ನೇ ಮೊಬೈಲಿನಲ್ಲಿ ಗುರುತು ಮಾಡಿಕೊಂಡಳು. ಮಾತು ತಿದ್ದುವಂತಿಲ್ಲ, ಅದು ಸರ್ ಹಾಕಿದ ನಿಯಮ. ಇರಲಿ, ಇವರು ಎಷ್ಟೇ ಬಾಯಿ ಬಡಿದುಕೊಂಡರೂ ನಮ್ಮ ಕೇರಿಯ ಪಾಡಿನ ಮುಂದೆ ನಿಲ್ಲುತ್ತದೆಯೇ ಅಂತ ಅವಳ ಧೈರ್ಯ.

ಕೇರಿಯವರು ಕೂಲಿಯಿಂದ ವಾಪಸಾಗುವುದು ಸಂಜೆ. ಶಾಲಿನಿ ಹೋದದ್ದೂ ಅದೇ ಹೊತ್ತಿಗೆ, ಅಂದರೆ ಮನೆಮನೆಯಲ್ಲೂ ದೀಪ ಹಚ್ಚುವ ಹೊತ್ತಿಗೆ. ದೀಪ ಹಚ್ಚಿದ ಮೇಲೆ ಮನೆಯಲ್ಲಿ ಅದಿಲ್ಲ, ಇದಿಲ್ಲ ಅಂತ ಬಾಯಿ ಬಿಡಬಾರದು ಅಂತ ನಮ್ಮ ಕಡೆ ಹೆಂಗಸರು ಮಕ್ಕಳ ಬಾಯಿಗೆ ಹೊಡೆದು ಕಲಿಸಿರುತ್ತಾರೆ. ಬುದ್ಧನ ಪಟ, ಬಾಬಾಸಾಹೇಬರ ಪಟದ ಮುಂದೆ ದೀಪ ಇಡುವ ಮನೆಗಳಾದರೂ ಆ ಪದ್ಧತಿ ಹೋಗಿಲ್ಲ. ಅದರ ಮೇಲೆ ಬಂದವಳು ಯಾರು? ದೊಡ್ಡ ಒಕ್ಕಲು ಮನೆಯ ಹುಡುಗಿ! ಚಪ್ಪಲಿ ಬಿಟ್ಟು ಒಳಗೆ ಬಂದಳು, ಚಾಪೆ ಮೇಲೆ ಕೂತಳು, ಕಾಫಿ ಕೊಟ್ಟರೆ ಕುಡಿದಳು, ಇನ್ನೂ ಅರ್ಧ ಲೋಟ ಕೇಳಿದಳು. ಕೇರಿ ಹಿಗ್ಗಿಹೋಯಿತು. ಇದ್ದ ಒಂದೇ ಹಸುವನ್ನು ನಾಕು ಮನೆಯವರು ನಮ್ದೇ ಅಂದರು. ಊಟಕ್ಕೆ? ಬೇಕಾದಷ್ಟದೆ. ಕೆಲಸ? ಕೈ ತುಂಬಾ. ಕಾಯಿಲೆ ಕಸಾಲೆ? ಕೇಳಬೇಡಿ, ಗುಂಡುಕಲ್ಲಿನಂಗಿದ್ದೀವಿ. ಅವಳು ಹೊರಡುವಾಗ ಮಡಿಲಿಗೆ ಕೋಳಿಮೊಟ್ಟೆ, ಹುರುಳಿಕಾಳು, ಇನ್ನೊಂದು ಮನೆಯ ಹಸಿ ಕಡಲೆಕಾಯಿ. ಮಾರನೆಯ ದಿನ ಕಾಲೇಜಿನಲ್ಲಿ ಶಾಲಿನಿ ರಂಜಿನಿಯ ಪಕ್ಕ ಕೂತು, ನಿಮ್ಮ ಜನ ಎಷ್ಟು ಒಳ್ಳೆಯವರು ಕಣೇ, ನಮ್ಮ ಊರಲ್ಲಿ ಇಷ್ಟು ನೆಮ್ಮದಿಯಾಗಿರೋರನ್ನ ನಾನು ನೋಡೇ ಇಲ್ಲ ಅಂದಳು. ರಂಜಿನಿಗೆ ಆಗಲೇ ಅನುಮಾನ ಬಂತು.

ವರದಿ ತಯಾರಾಯಿತು. ಎರಡೂ ಕಡೆಯ ಆರ್ಥಿಕ ಸ್ಥಿತಿ ಹೆಚ್ಚುಕಮ್ಮಿ ಸಮ, ಹಸುಗಳ ವಿಷಯದಲ್ಲಂತೂ ಕೇರಿಯೇ ಒಂದು ಕೈ ಮೇಲೆ. ಸ್ಮಶಾನ ಅನ್ನುವ ಕಡೆ ಶಾಲಿನಿ ಗುರುತು ಹಾಕಿದ್ದಳು: ಇದೆ, ತೃಪ್ತಿ ಇದೆ. ಈ ಉತ್ತರ ಕೊಟ್ಟದ್ದು ಕೇರಿಯ ಯಜಮಾನನಾದ ಮಾರಯ್ಯನೇ.

ರಂಜಿನಿ ಮಲ್ಲಿಕಾರ್ಜುನ್ ಸರ್ ಹತ್ತಿರ ಓಡಿದಳು. ಇದೆಲ್ಲ ಸುಳ್ಳು ಸರ್, ನಮ್ಮವರು ಮಾನಕ್ಕೆ ಹೇಳಿದ್ದು, ಅವರು ಭಯಕ್ಕೆ ಹೇಳಿದ್ದು ಅಂತ ಬಿಡಿಸಿ ಬಿಡಿಸಿ ಹೇಳಿದಳು. ಆ ಸಿಮ್ಶಿಯನ್ ಔತಣದ ಪಾಠ ನೀವೇ ಮಾಡಿದ್ದಲ್ವ ಸರ್ ಅಂತಲೂ ಕೇಳಿದಳು. ಸರ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೆ ಅರ್ಥವಾಗಲಿಲ್ಲ ಅಂತಲ್ಲ. ಕೇರಿಯ ಹುಡುಗಿ ಕೇರಿಯ ಉತ್ತರ ತಿದ್ದಿದಳು ಅಂದರೆ ನಾಳೆ ಮೇಲಿನ ಬೀದಿಯವರು ಕೋರ್ಟಿಗೆ ಹೋಗುತ್ತಾರೆ, ಆಗ ಜಾಗವೂ ಇಲ್ಲ, ನಿನ್ನ ಕೆಲಸವೂ ಇಲ್ಲ ಅಂದರು. ವರದಿಯನ್ನು ಊರಿನಲ್ಲೇ ಓದಿ ಆಕ್ಷೇಪಣೆ ಕೇಳುತ್ತಾರೆ, ನಿಮ್ಮ ಯಜಮಾನರೇ ಎದ್ದು ನಿಂತು ನಿಜ ಹೇಳಲಿ, ಸಾಹೇಬರು ಬರೆದುಕೊಳ್ಳುತ್ತಾರೆ ಅಂತ ದಾರಿ ತೋರಿಸಿದರು.

ಮೀಟಿಂಗಿನ ದಿನ ಬೆಳಗ್ಗೆ ಮಾರಯ್ಯ ಜಗಲಿಯಲ್ಲಿ ಕೂತು ಕನ್ನಡಿ ಹಿಡಿದು ಗಡ್ಡ ಕೆರೆದುಕೊಳ್ಳುತ್ತಿದ್ದ. ರಂಜಿನಿಗೆ ಸಿಟ್ಟು ತಡೆಯಲಾಗಲಿಲ್ಲ. ಅವ್ವನ ವಿಷಯದಲ್ಲಿ ಅಂಥ ಮಾತು ಹೇಗೆ ಬಂತಪ್ಪ ನಿನ್ನ ಬಾಯಲ್ಲಿ ಅಂತ ಕೇಳಿಯೇ ಬಿಟ್ಟಳು. ಮಾರಯ್ಯ ಕನ್ನಡಿ ಕೆಳಗಿಟ್ಟ.

"ಆ ಕೂಸು ನಮ್ಮ ಚಾಪೆ ಮ್ಯಾಲೆ ಕುಂತಿತ್ತು ಕಣವ್ವ. ದೀಪ ಹಚ್ಚಿದ್ದೆ. ನಿಮ್ಮೋರ್ನ ಎಲ್ಲಿ ಮಣ್ಣು ಮಾಡ್ತೀರಿ ಅಂತ ಕೇಳ್ತು. ನಮ್ಮನೆಗೆ ಬಂದು ಕಾಪಿ ಕುಡಿದ ಮಗೀನ ಮುಂದೆ ನನ್ನ ಎಂಡ್ರು ಎಣಾನ ಒಳೆ ಎಳ್ಕಂಡೋಯ್ತು ಅಂತ ಎಂಗೆ ಯೋಳ್ಲಿ? ಒಳೆ ತಾವ ತಂಪಾದ ಜಾಗ ಅದೆ ಅಂದೆ."

ರಂಜಿನಿಯ ಸಿಟ್ಟೆಲ್ಲ ಇಳಿದುಹೋಯಿತು. ಅಪ್ಪನ ಪಕ್ಕ ಕೂತಳು. ಇವತ್ತು ಮಾತ್ರ ಹೇಳಿಬಿಡಪ್ಪ, ಕೇರಿಗಾಗಿ ಹೇಳು ಅಂತ ಬೇಡಿಕೊಂಡಳು. ಅವನೂ ಹೂಂ ಅಂದ. ಬಿಳಿ ಅಂಗಿ ಹಾಕಿಕೊಂಡ.

ಸ್ಕೂಲಿನ ಹಾಲಿನಲ್ಲಿ ಮೀಟಿಂಗು. ಮುಂದಿನ ಕುರ್ಚಿಗಳಲ್ಲಿ ಮೇಲಿನ ಬೀದಿಯವರು, ಗೋಡೆ ಪಕ್ಕದ ಬೆಂಚುಗಳಲ್ಲಿ ಕೇರಿಯವರು. ಹೀಗೇ ಕೂರಿ ಅಂತ ಯಾರೂ ಹೇಳಿರಲಿಲ್ಲ. ಸಾಹೇಬರು ವರದಿ ಓದಿದರು. ಕೇರಿಗೆ ಈಗಾಗಲೇ ಹೂಳಲು ಜಾಗ ಇದೆ, ತೃಪ್ತಿಯೂ ಇದೆ, ಎರಡೂ ಬೀದಿ ಒಂದೇ ಸ್ಥಿತಿಯಲ್ಲಿವೆ, ಆದ್ದರಿಂದ ಗೋಮಾಳವನ್ನು ಡೈರಿಗೆ ಕೊಡಬಹುದು ಅಂತ ಕಾಣುತ್ತದೆ, ಆಕ್ಷೇಪಣೆ ಇದ್ದರೆ ಹೇಳಿ ಅಂದರು. ಕೇರಿಯವರೆಲ್ಲ ಮಾರಯ್ಯನ ಕಡೆ ನೋಡಿದರು. ಯಜಮಾನ ಮಾತಾಡುವ ಕಡೆ ಬೇರೆಯವರು ಬಾಯಿ ಹಾಕುವುದಿಲ್ಲ, ಯಜಮಾನ ಆಡಿದ ಮಾತಿಗೆ ನಾಲ್ಕು ಜನರ ಮುಂದೆ ಎದುರು ಹೇಳುವುದಂತೂ ಇಲ್ಲವೇ ಇಲ್ಲ. ಮಾರಯ್ಯ ಎದ್ದು ನಿಂತ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಜವರಯ್ಯನವರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು.

"ಮಾರಯ್ಯನ ಮಾತು ಅಂದ್ರೆ ಮಾತೇ ಸಾ. ಚಿಕ್ಕವ್ನಾಗಿಂದ ನಮ್ಮ ಗದ್ದೇಲಿ ದುಡಿದವ್ನೆ, ಒಂದು ದಿನ ಸುಳ್ಳು ಯೋಳಿದವ್ನಲ್ಲ. ಅವ್ನು ಬರೆಸಿದ್ದೇ ನಿಜ, ನಾನೇ ಸಾಕ್ಷಿ."

ಕೆಟ್ಟ ಮನಸ್ಸಿನಿಂದ ಆಡಿದ ಮಾತೋ ಒಳ್ಳೆಯ ಮನಸ್ಸಿನಿಂದ ಆಡಿದ್ದೋ, ಯಾರಿಗೆ ಗೊತ್ತು. ಜೀವಮಾನದಲ್ಲಿ ಮೊದಲ ಸಲ ಜವರಯ್ಯ ತುಂಬಿದ ಸಭೆಯಲ್ಲಿ ಮಾರಯ್ಯನನ್ನು ಹೊಗಳಿದ್ದರು. ಈಗ ನಿಜ ಹೇಳಿದರೆ ಅವನು ಸುಳ್ಳುಗಾರ. ಮಾರಯ್ಯ ಸಾಹೇಬರನ್ನು ನೋಡಿದ, ಜವರಯ್ಯನನ್ನು ನೋಡಿದ, ಮಗಳ ಕಡೆ ಮಾತ್ರ ನೋಡಲಿಲ್ಲ. ನಾನು ಯೋಳಿದ್ದೇ ನಿಜ ಸಾ ಅಂತ ಹೇಳಿ ಕೂತುಬಿಟ್ಟ.

ಸಾಹೇಬರು ಪೆನ್ನು ತೆಗೆದರು. ಸುಮ್ಮನಿದ್ದರೆ ಮುಂದಿನ ಮಳೆಗೆ ಇನ್ನೊಂದು ಮನೆಯವರು ದಂಡೆ ಹಿಡಿದು ಹುಡುಕುತ್ತಾ ಹೋಗಬೇಕು. ಮಾತಾಡಿದರೆ ಅಪ್ಪ ತಲೆ ಎತ್ತುವಂತಿಲ್ಲ. ರಂಜಿನಿಗೆ ಯೋಚನೆ ಮಾಡಲು ಹೊತ್ತಿರಲಿಲ್ಲ. ಎದ್ದು ನಿಂತಳು.

"ನಮ್ಮಪ್ಪ ಹೇಳಿದ್ದು ಸುಳ್ಳು ಸರ್. ನಮ್ಮವ್ವನ್ನ ಇಟ್ಟ ಜಾಗ ಈಗ ಇಲ್ಲ. ಹೊಳೆ ಬಂದು ಮಣ್ಣನ್ನೂ ಅವ್ವನನ್ನೂ ತಗೊಂಡು ಹೋಯ್ತು. ನಾನೂ ಅಪ್ಪನೂ ಹುಡುಕಿದ್ವಿ, ಒಂದು ಎಲುಬೂ ಸಿಗಲಿಲ್ಲ."

ಸಾಹೇಬರು ನಿಧಾನವಾಗಿ, ಹಾಗಾದರೆ ಉಳಿದ ಉತ್ತರಗಳೋ ಅಂತ ಕೇಳಿದರು. ಈಗ ಹಿಂದೆ ಸರಿಯುವ ಹಾಗಿಲ್ಲ. ಅವಳು ಒಂದೊಂದಾಗಿ ಹೇಳಿದಳು. ಹಸು ಒಂದೇ. ಆ ಮನೆಯಲ್ಲಿ ಪಕ್ಕದ ಮನೆಯ ಲೋಟ ತಂದು ಕಾಫಿ ಕೊಟ್ಟದ್ದು. ಈ ಮನೆಯ ಕಕ್ಕಸಿಗೆ ಬಾಗಿಲಿಲ್ಲ, ಸೀರೆ ಕಟ್ಟಿದ್ದಾರೆ. ಗುಂಡುಕಲ್ಲಿನಂತಿದ್ದೇನೆ ಅಂದ ಹೆಂಗಸಿಗೆ ಮೈಸೂರಿನ ಆಸ್ಪತ್ರೆಯವರು ಆಪರೇಷನ್ ಆಗಬೇಕು ಅಂದಿದ್ದಾರೆ, ಆಕೆ ಹೋಗಿಲ್ಲ. ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಗುತ್ತಿತ್ತು, ಪ್ರತಿಯೊಂದು ಮನೆಯ ಸೂರು ಕಿತ್ತು ಒಳಗನ್ನು ಮೇಲಿನ ಬೀದಿಯವರಿಗೆ ತೋರಿಸುತ್ತಿದ್ದೇನೆ ಅಂತ. ಶಾಲಿನಿ ಮುಖ ಮುಚ್ಚಿಕೊಂಡು ಅತ್ತಳು. ಮುಂದಿನ ಸಾಲಿನಿಂದ ಸಣ್ಣತಾಯಮ್ಮ, ಪಾಪ, ಅಂದರು. ಆಮೇಲೆ ಇನ್ನೊಬ್ಬರು, ಪಾಪ, ಅಂದರು. ಜವರಯ್ಯನವರು ಗಂಟಲು ಸರಿಮಾಡಿಕೊಂಡು, ಕೊಟ್ಬುಡಿ ಸಾ, ನಮ್ಮ ಡೈರಿ ಎಲ್ಲಾದ್ರೂ ಆಯ್ತದೆ, ಪಾಪದ ಜನ ಅಂದರು. ಬೆಂಚಿನ ಮೇಲೆ ಕೂತ ಕೇರಿಯ ಗಂಡಸರೆಲ್ಲ ತಮ್ಮ ಕಾಲಿನ ಹೆಬ್ಬೆರಳು ನೋಡುತ್ತಿದ್ದರು.

ಜಾಗ ಕೇರಿಗೆ ಬಂತು. ಕಲ್ಲುಕಂಬ ನೆಟ್ಟು ತಂತಿ ಬೇಲಿ ಬಿಗಿದರು. ರಂಜಿನಿಯನ್ನು ಯಾರೂ ಬೈಯಲಿಲ್ಲ, ನಿನ್ನಿಂದಾಯ್ತು ಕಣವ್ವ ಅಂತ ಒಬ್ಬಿಬ್ಬರು ಹೇಳಿಯೂ ಹೇಳಿದರು. ಆದರೆ ಅವಳು ಬಸ್ಸಿಳಿದು ಬರುವಾಗ ಮನೆ ಮುಂದೆ ಕೂತ ಹೆಂಗಸರು ಮಾತು ನಿಲ್ಲಿಸಿ ಒಳಗೆದ್ದು ಹೋಗುತ್ತಿದ್ದರು. ಮೊದಲಾದರೆ ಏನವ್ವ ರಂಜಿನಿ, ತಡವಾಯ್ತು ಅಂತ ಕೂಗಿ ಕೇಳುತ್ತಿದ್ದವರು. ಸೀರೆ ಕಟ್ಟಿದ ಕಕ್ಕಸಿನ ಮನೆಯವರಂತೂ ಅವಳನ್ನು ಕಂಡರೆ ದಾರಿ ಬದಲಿಸಿದರು. ಮೇಲಿನ ಬೀದಿಯವರು ಹಳೆ ಸೀರೆ, ಹಳೆ ಪಂಚೆ ಮೂಟೆ ಕಟ್ಟಿ ಕಳಿಸತೊಡಗಿದರು. ಮಾರಯ್ಯ ಯಜಮಾನಿಕೆ ಬಿಟ್ಟ. ಜವರಯ್ಯನವರ ಗದ್ದೆಗೆ ಹೋಗುವುದನ್ನೂ ಬಿಟ್ಟು, ನಸುಕಿನಲ್ಲೇ ಎದ್ದು ನಂಜನಗೂಡಿನ ಕಡೆ ಕಟ್ಟಡದ ಕೂಲಿಗೆ ಬಸ್ಸು ಹಿಡಿದು ಹೋಗುತ್ತಿದ್ದ. ಆ ವಯಸ್ಸಿಗೆ ಇಟ್ಟಿಗೆ ಹೊರುವುದು ಅಂದರೆ ಏನು? ಮಗಳು ಬೇಡ ಅಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಾರು ಹಾಕು, ನೀರು ಕೊಡು, ಇಷ್ಟೇ ಮಾತು.

ಮಾಗಿ ಕಳೆದು, ಹೊಳೆ ಸಣ್ಣಗಾಗಿದ್ದ ಒಂದು ಭಾನುವಾರ, ಬಾ ಕೂಸು ಅಂತ ಅವನಾಗಿಯೇ ಕರೆದ. ರಂಜಿನಿಗೆ ಕಣ್ಣು ತುಂಬಿ ಬಂತು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಹೋದಳು. ದಿಣ್ಣೆಯ ಮೇಲೆ ಕರೆದುಕೊಂಡು ಹೋದ. ಬೇಲಿಯೊಳಗೆ ಇನ್ನೂ ಯಾರನ್ನೂ ಹೂಳಿರಲಿಲ್ಲ, ಹುಲ್ಲು ಬೆಳೆದಿತ್ತು. ಮಾರಯ್ಯ ಒಂದು ಸುತ್ತು ಹಾಕಿದ, ಕಂಬ ಅಲ್ಲಾಡಿಸಿ ನೋಡಿದ, ಕಾಲಿನಲ್ಲಿ ಮಣ್ಣು ಕೆದಕಿದ. ಗಟ್ಟಿ ಮಣ್ಣು ಅಂದ. ಅಲ್ಲಿಂದ ನೋಡಿದರೆ ಕೆಳಗೆ ಹೊಳೆ ಕಾಣುತ್ತಿತ್ತು.

"ಒಳ್ಳೆ ಕೆಲ್ಸ ಮಾಡ್ದೆ ಕೂಸು. ಎಲ್ಲಾರ್ಗೂ ಆಯ್ತದೆ," ಅಂದ. ಆಮೇಲೆ ಹೊಳೆಯ ಕಡೆಗೇ ನೋಡುತ್ತಾ ಹೇಳಿದ: "ನನ್ನ ಮಾತ್ರ ಇಲ್ಲಿ ಇಡಬ್ಯಾಡ. ಪಾಪ ಅನ್ನಿಸ್ಕಂಡು ಇಸ್ಕಂಡ ಮಣ್ಣು ನಂಗೆ ಬ್ಯಾಡ. ಕೆಳಗೆ ದಂಡೇಲೇ ಇಡು. ನೀರು ಬಂದಾಗ ನಿಮ್ಮವ್ವ ಓದ ಕಡೀಕೆ ನಾನೂ ಓಯ್ತೀನಿ."

ರಂಜಿನಿ ಬೇಲಿ ಕಂಬ ಹಿಡಿದುಕೊಂಡು ನಿಂತಳು. ಹೂಂ ಅನ್ನು ಅಂದ ಮಾರಯ್ಯ. ಅವನು ಮತ್ತೆ ಕೇಳಿದ, ಚಿಕ್ಕ ಮಗುವಿಗೆ ಕೇಳುವ ಹಾಗೆ, ಮೆತ್ತಗೆ.

ರಂಜಿನಿ ಹೂಂ ಅಂದಳು.